ಬೆಂಕಿಪೊಟ್ಟಣದ ಸಾಕ್ಷಿ

ಸೆಪ್ಟೆಂಬರ್ 9, ಬೆಳಿಗ್ಗೆ 7.30

ಹಾಲು ಕಾಯಿಸಿದೆ. ಗ್ಯಾಸ್ ಆರಿಸಿದೆ. ಆರಿಸಿದ್ದನ್ನು ಎರಡು ಸಲ ನೋಡಿ ಬಂದೆ. ಮೊಮ್ಮಗಳ ಡಬ್ಬಿಗೆ ಅವಲಕ್ಕಿ. ಬಸ್ಸು ಹತ್ತಿಸಿ ಬಂದು ಹಾಸಿಗೆ ಸರಿಮಾಡುವಾಗ ಕಂಡಿತು.

ದಿಂಬಿನ ಹತ್ತಿರ ಕಪ್ಪು ಚುಕ್ಕೆಗಳು. ಏಳು. ಮೊದಲು ಪೆನ್ನಿನ ಇಂಕ್ ಅಂದುಕೊಂಡೆ — ಧಾರಿಣಿ ಹಾಸಿಗೆಯಲ್ಲೇ ಬಿದ್ದುಕೊಂಡು ಹೋಂವರ್ಕ್ ಮಾಡುತ್ತಾಳೆ. ಒದ್ದೆ ಹತ್ತಿ ಒತ್ತಿ ನೋಡಿದೆ. ಇಂಕ್ ಆಗಿದ್ದರೆ ನೀಲಿ ಹರಡಬೇಕಿತ್ತು. ಹರಡಿದ್ದು ತುಕ್ಕಿನ ಬಣ್ಣ.

ರಕ್ತ. ಕುಡಿದು, ಜೀರ್ಣಿಸಿ, ಬಿಟ್ಟು ಹೋದದ್ದು. ದಾವಣಗೆರೆ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಹೇಳಿದ ರತ್ನಪ್ರಭಾ ಟೀಚರಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ? ತಿಗಣೆ!

ಫರೀದಾಬಾದಿನ ಹದಿನಾಲ್ಕು ಮಹಡಿಯ ಸೊಸೈಟಿ. ಲಿಫ್ಟಿನಲ್ಲೂ ಸೆಂಟ್ ವಾಸನೆ. ಇಲ್ಲಿ ತಿಗಣೆ ಅಂದರೆ ಯಾರು ನಂಬುತ್ತಾರೆ? ಇನ್ನೂ ಯಾರಿಗೂ ಹೇಳಿಲ್ಲ. ಒಂದು ಗುರುತು ಸಾಲದು.

ಸೆಪ್ಟೆಂಬರ್ 11

ಎರಡನೆಯ ಗುರುತು ಸಿಕ್ಕಿತು. ಧಾರಿಣಿಯ ತೋಳಿನ ಮೇಲೆ ಮೂರು ಗಂಧೆ, ಒಂದೇ ಸಾಲಿನಲ್ಲಿ. "ಅಜ್ಜಿ, ಬಹುತ್ ಖುಜ್ಲಿ ಆಗ್ತಿದೆ" ಅಂತ ಕೆರೆದುಕೊಳ್ಳುತ್ತಿದ್ದಳು. ಸೊಳ್ಳೆ ಸಾಲು ಹಿಡಿದು ಕಚ್ಚುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಸೊಸೆ ಮಯೂರಿಯ ಕೈಯಲ್ಲಿ ಚಪಾತಿ ಹಾಗೇ ನಿಂತಿತು.

"ತಿಗಣೆನಾ? ನಮ್ಮ ಮನೇಲಾ? ಅತ್ತೆ, ಡೆಂಗ್ಯೂ ಸೀಸನ್ ಇದು. ಸೊಳ್ಳೆ ಕಚ್ಚಿರುತ್ತೆ."

ಮಯೂರಿ ಗುರುಗ್ರಾಮದ ಆಫೀಸಿಗೆ ಹೋಗಿ ಬರುವುದರಲ್ಲೇ ಸೋತಿರುತ್ತಾಳೆ. ಅದರ ಮೇಲೂ ದಿನಾ ನೆಲ ಒರೆಸಿಸುವವಳು. ಅವಮಾನವಾಯಿತು ಅಂತ ಕಾಣುತ್ತದೆ. ಮಗ ಹೃಷಿಕೇಶ್ ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ, ಸ್ವಲ್ಪ ಜಾಸ್ತಿ ಹೊತ್ತು.

ಆ ನೋಟ ಗೊತ್ತು. ಆಗಸ್ಟಿನಲ್ಲಿ ಗ್ಯಾಸ್ ಹಚ್ಚಿಟ್ಟು ಪಾರ್ಕಿಗೆ ಹೋಗಿದ್ದೆನಂತೆ. ಇನ್ನೊಂದು ದಿನ ನಮ್ಮ ಡಿ ಟವರ್ ಬಿಟ್ಟು ಬಿ ಟವರಿಗೆ ಹೋಗಿ ಯಾರದೋ ಮನೆ ಬೆಲ್ ಒತ್ತಿದೆ. ಎಲ್ಲಾ ಟವರೂ ಒಂದೇ ಥರ ಕಟ್ಟಿದವನದ್ದು ತಪ್ಪಲ್ಲವೇ?

ಮಲಗುವ ಮುಂಚೆ ಅವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಇಪ್ಪತ್ತೇಳಕ್ಕೆ ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್. ಧಾರಿಣಿಯನ್ನು ನನ್ನ ಜೊತೆ ಮಲಗಿಸುವುದು ಸೇಫೋ ಅಲ್ಲವೋ, ಆ ಡಾಕ್ಟರ್ ಏನು ಹೇಳುತ್ತಾರೋ ನೋಡಿ ತೀರ್ಮಾನ. ನಾನು ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಪಾಠ ಮಾಡಿದವಳು ಅನ್ನುವುದು ಇವರಿಗೆ ಮರೆತಿದೆ. ಮರೆವು ನನಗಂತೆ!

ನಮ್ಮ ಯಜಮಾನರು ಹೋದ ಮೇಲೆ ಈ ಎರಡು ವರ್ಷ ನಿದ್ದೆ ಅಂತ ಬಂದಿದ್ದರೆ ಅದು ಈ ಮಗುವಿನ ಕಾಲು ನನ್ನ ಹೊಟ್ಟೆ ಮೇಲೆ ಬಿದ್ದಾಗ ಮಾತ್ರ.

ಸೆಪ್ಟೆಂಬರ್ 13, ಮಧ್ಯಾಹ್ನ

ಮನೆಯಲ್ಲಿ ಯಾರೂ ಇಲ್ಲ. ಮಂಚವನ್ನು ತಪಾಸಣೆ ಮಾಡಿದೆ.

ಈ ಮಂಚ ಜುಲೈನಲ್ಲಿ ಬಂದದ್ದು. ಊರು ಬಿಟ್ಟು ಹೋಗುವವರು ಯಾರೋ ಮಾರಿದ್ದು, ಮಯೂರಿ ಮೊಬೈಲಿನಲ್ಲೇ ಹುಡುಕಿ ತರಿಸಿದಳು. ತಲೆಯ ಕಡೆ ಮೆತ್ತನೆ ಹಲಗೆ, ಬೂದು ಬಣ್ಣದ ವೆಲ್ವೆಟ್, ಅಲ್ಲಲ್ಲಿ ಗುಂಡಿ ಹೊಡೆದು ಕುಳಿ ಮಾಡಿದ್ದಾರೆ. ಅವಳಿಗೆ ಭಾರಿ ಹೆಮ್ಮೆ. ಮೂರನೆಯ ಗುಂಡಿಯ ಕುಳಿಯಲ್ಲಿ ಸೂಜಿ ಹಾಕಿ ಕೆದಕಿದೆ. ಪೊರೆ! ಈರುಳ್ಳಿ ಸಿಪ್ಪೆಯಷ್ಟು ತೆಳು, ಜೇನಿನ ಬಣ್ಣ. ಬೆಳೆಯುವಾಗ ಕಳಚಿಟ್ಟದ್ದು.

ದೇವರ ದೀಪಕ್ಕೆ ಇಟ್ಟಿದ್ದ ಬೆಂಕಿಪೊಟ್ಟಣ ಖಾಲಿ ಮಾಡಿ ಅದರೊಳಗೆ ಹಾಕಿದೆ. ಮೇಲೆ ದಿನಾಂಕ ಬರೆದೆ. ಲ್ಯಾಬಿನ ಅಭ್ಯಾಸ.

ನಾವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಮಂಚಗಳನ್ನೆಲ್ಲ ಅಂಗಳಕ್ಕೆ ಎಳೆದು, ಸಂದಿಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಆಗ ಏಳುತ್ತಿದ್ದ ವಾಸನೆ — ಹಸಿ ಕೊತ್ತಂಬರಿ ಕೊಳೆತ ಹಾಗೆ. ಆಗ ಯಾರೂ ಇದಕ್ಕೆ ನಾಚಿಕೊಳ್ಳುತ್ತಿರಲಿಲ್ಲ.

ಸೆಪ್ಟೆಂಬರ್ 19, ಬೆಳಿಗ್ಗೆ

ಹಾಸಿಗೆ ಸರಿಮಾಡುವಾಗ ಕಂಡಿತು. ದಿಂಬಿನ ಹತ್ತಿರ ಕಪ್ಪು ಚುಕ್ಕೆಗಳು. ಒಂಬತ್ತು. ಮೊದಲು ಪೆನ್ನಿನ ಇಂಕ್ ಅಂದುಕೊಂಡೆ. ಒದ್ದೆ ಹತ್ತಿ ಒತ್ತಿ ನೋಡಿದೆ. ತುಕ್ಕಿನ ಬಣ್ಣ. ತಿಗಣೆ! ಇಷ್ಟು ಒಳ್ಳೆಯ ಮನೆಯಲ್ಲಿ! ಇನ್ನೂ ಯಾರಿಗೂ ಹೇಳಿಲ್ಲ.

ಸೆಪ್ಟೆಂಬರ್ 20

ಹೇಳಿದೆ. ಎಷ್ಟು ಮೆಲ್ಲಗೆ ವಿಷಯ ತೆಗೆದೆ, ಯಾರಿಗೂ ನೋವಾಗದ ಹಾಗೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಮತ್ತೆ ಶುರು" ಅಂದಳು ಮಯೂರಿ.

ಮತ್ತೆ ಅಂದರೆ?

ಸೆಪ್ಟೆಂಬರ್ 23

ದೊಡ್ಡ ರಂಪ. ನಿನ್ನೆ ಮಂಚದ ತಲೆಹಲಗೆಗೆ ಒಂದು ಕೆಟಲ್ ಕುದಿಯುವ ನೀರು ಹೊಯ್ದೆ. ವೆಲ್ವೆಟ್ ಮುದುರಿತು, ಹಾಸಿಗೆ ಅರ್ಧ ನೆನೆಯಿತು, ನನ್ನ ಎಡಗೈ ಸುಟ್ಟಿತು.

"ಅಮ್ಮಾ, ಸಾಕು!" ಅಂದ ಹೃಷಿ. "ಮಗು ಪಕ್ಕದಲ್ಲಿದ್ದಿದ್ರೆ? ಅವಳ ಮೇಲೆ ಬಿದ್ದಿದ್ರೆ ಏನು ಗತಿ?"

ಮಗು ಸ್ಕೂಲಿನಲ್ಲಿತ್ತು, ಅಷ್ಟು ಜ್ಞಾನ ನನಗಿಲ್ಲವೇ ಅಂದೆ. ಮಯೂರಿ ರೇಗಲಿಲ್ಲ. ಬರ್ನಾಲ್ ಹಚ್ಚುತ್ತಾ ಮೆತ್ತಗೆ ಹೇಳಿದಳು:

"ಅತ್ತೆ, ಧಾರಿಣಿ ಬ್ಯಾಗಲ್ಲಿ ಟಾರ್ಚ್ ಸಿಕ್ತು. ಕ್ಲಾಸಲ್ಲಿ ಬೆಂಚು ಕೆಳಗೆ ಟಾರ್ಚ್ ಹಾಕಿ ಹುಳ ಹುಡುಕ್ತಿದ್ಲಂತೆ. ಟೀಚರ್ ಫೋನ್ ಮಾಡಿದ್ರು. ಅವಳಿಗೆ ಭಯ ಹತ್ಬಿಟ್ಟಿದೆ."

ಮಯೂರಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸೆಪ್ಟೆಂಬರ್ 27

ದೆಹಲಿಯ ಹೌಜ್ ಖಾಸ್‌ನಲ್ಲಿ ಆ ಡಾಕ್ಟರ ಕ್ಲಿನಿಕ್. ಮೆಟ್ರೋದಲ್ಲಿ ಹೋದೆವು. ದಾರಿಯುದ್ದಕ್ಕೂ ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದೆ.

ಡಾಕ್ಟರ್ ನನ್ನ ಮಗನ ವಯಸ್ಸಿನವನು. ಇವತ್ತು ಯಾವ ವಾರ, ಈಗ ಯಾವ ತಿಂಗಳು — ಹೇಳಿದೆ. ಗಡಿಯಾರ ಬರೆಸಿದ. ಬರೆದೆ, ಮುಳ್ಳು ಎಲ್ಲಿಡಬೇಕೆಂದು ಸ್ವಲ್ಪ ಯೋಚಿಸಬೇಕಾಯಿತು. ಮೂರು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದ. ಸೇಬು, ಕುರ್ಸಿ... ಮೂರನೆಯದು ಬರಲಿಲ್ಲ. ನಾಲಿಗೆ ತುದಿಯಲ್ಲೇ ಇತ್ತು. ಹಿಂದಿಯಲ್ಲಿ ಹೇಳಿದರೆ ಯಾರಿಗೆ ನೆನಪಿರುತ್ತದೆ?

ಆಗ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ. ಇದನ್ನು ನೋಡಿ, ನಾನು ಕಲ್ಪಿಸಿಕೊಂಡದ್ದಲ್ಲ ಅಂದೆ.

ಅವನು ತೆರೆಯಲೇ ಇಲ್ಲ. ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ ಹೃಷಿಯ ಕಡೆ ನೋಡಿದ. ಏನೋ ಬರೆದುಕೊಂಡ. ಪರೀಕ್ಷೆ ಹಾಲಿನಲ್ಲಿ ವರ್ಷಗಟ್ಟಲೆ ಮಕ್ಕಳ ಉತ್ತರವನ್ನು ತಲೆಕೆಳಗಾಗಿ ಓದಿದವಳು ನಾನು. ಓದಿದೆ. ಬೆಂಕಿಪೊಟ್ಟಣ ಅಂತಲೇ ಬರೆದಿದ್ದ, ಕೆಳಗೆ ಎರಡು ಗೀಟು.

ವಾಪಸ್ ಬರುವಾಗ ಬಿಡದೆ ಕೇಳಿದೆ. ಹೃಷಿ ಕೊನೆಗೆ ಬಾಯಿಬಿಟ್ಟ. ಮೈಮೇಲೆ ಹುಳ ಇದೆ ಅನ್ನೋ ಭ್ರಮೆ ಒಂದು ಕಾಯಿಲೆಯಂತೆ. ಅಂಥವರು ಕಸ, ಚರ್ಮದ ಚೂರು ಎಲ್ಲ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಬರುತ್ತಾರಂತೆ. ಬೆಂಕಿಪೊಟ್ಟಣ ತಂದರೆ ಅದೇ ಒಂದು ಲಕ್ಷಣವಂತೆ, ಪುಸ್ತಕದಲ್ಲೇ ಇದೆಯಂತೆ.

ನನ್ನ ಸಾಕ್ಷಿಯೇ ನನ್ನ ಮೇಲೆ ಸಾಕ್ಷಿ ಹೇಳಿತು. ಅಳು ಬಂತು. ಅಷ್ಟು ಜನರ ಮಧ್ಯೆ ಅಳಬಾರದೆಂದು ಸ್ಟೇಷನ್ ಹೆಸರು ಎಣಿಸುತ್ತಾ ಕೂತೆ.

ಸೆಪ್ಟೆಂಬರ್ 28

ಧಾರಿಣಿ ಅಪ್ಪ ಅಮ್ಮನ ರೂಮಿಗೆ ಹೋದಳು. ಮುಂದಿನ ತಿಂಗಳು ಹದಿನೈದಕ್ಕೆ ನನಗೆ ಸ್ಕ್ಯಾನ್, ಅಲ್ಲಿಯವರೆಗಂತೂ ಅಲ್ಲೇ. ತನ್ನ ದಿಂಬು, ಬಟ್ಟೆ ಆನೆ ಎರಡನ್ನೂ ತಬ್ಬಿಕೊಂಡು ಹೊರಟಳು. ದಿಂಬು ಒಯ್ಯಬೇಡ, ಅದರ ಜೊತೆ ಅವೂ ಬರುತ್ತವೆ ಅಂದೆ. ಮಯೂರಿ "ಸರಿ ಅತ್ತೆ" ಅಂದು ದಿಂಬನ್ನೂ ತೆಗೆದುಕೊಂಡೇ ಹೋದಳು.

ಅಕ್ಟೋಬರ್ 6

ಎಂಟು ದಿನ. ನಿದ್ದೆ ಇಲ್ಲ.

ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ತಿಗಣೆ ನಿಜವಾಗಿದ್ದರೆ ನನಗೆ ಯಾಕೆ ಕಚ್ಚಿಲ್ಲ? ಅದೇ ಹಾಸಿಗೆ, ಅದೇ ದಿಂಬು. ಮೈಯೆಲ್ಲ ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ಗಂಧೆಯೂ ಇಲ್ಲ. ವಯಸ್ಸಾದವರ ಚರ್ಮ ಕಚ್ಚಿದರೂ ಕೆಂಪಾಗದೆ ಇರಬಹುದು ಅಂತ ಎಲ್ಲೋ ಓದಿದ ನೆನಪು. ಓದಿದ್ದೋ, ನಾನೇ ಕಟ್ಟಿಕೊಂಡದ್ದೋ?

ಡ್ರಾಯರ್ ತೆರೆದೆ. ಬೆಂಕಿಪೊಟ್ಟಣ ನಾಲ್ಕು ಇವೆ. ನನಗೆ ನೆನಪಿರುವುದು ಒಂದು. ಉಳಿದವುಗಳ ಮೇಲೂ ದಿನಾಂಕ, ನನ್ನದೇ ಅಕ್ಷರ. ಒಂದರಲ್ಲಿ ಸತ್ತದ್ದೊಂದು ಇತ್ತು. ಭೂತಗನ್ನಡಿ ಹಿಡಿದು ಕಾಲು ಎಣಿಸಿದೆ. ಆರು. ಮೂರು ಸಲ ಎಣಿಸಿದೆ, ಮೂರು ಸಲವೂ ಆರೇ. ಕಸಕ್ಕೆ ಆರು ಕಾಲಿರುವುದಿಲ್ಲ. ಆದರೆ ಎಣಿಸಿದವಳು ನಾನೇ ಅಲ್ಲವೇ...

ಅಕ್ಟೋಬರ್ 11, ಬೆಳಿಗ್ಗೆ 8.15

ಕಾಫಿಯನ್ನೂ ಕುಡಿಯದೆ ಬರೆಯಲು ಕೂತೆ. ಅಷ್ಟು ಸಂತೋಷ.

ಏಳು ಗಂಟೆಗೆ ಮಯೂರಿ ನನ್ನ ಬಾಗಿಲಲ್ಲಿ ನಿಂತಿದ್ದಳು. ಆಫೀಸಿನ ಬಟ್ಟೆ, ಕೈಯಲ್ಲಿ ಮುದ್ದೆ ಮಾಡಿದ ಬೆಡ್‌ಶೀಟ್. ಕೊರಳ ಕೆಳಗೆ ಕೆಂಪು ಗಂಧೆ. ಮೂರು. ಒಂದೇ ಸಾಲು.

"ಅತ್ತೆ... ಅದೇನೋ ಒದ್ದೆ ಹತ್ತಿ ಅಂತಿದ್ರಲ್ಲ. ಹೇಗೆ ನೋಡೋದು?"

ಹತ್ತಿ ತಂದೆ. ನಾನು ಒತ್ತಲಿಲ್ಲ, ಅವಳ ಕೈಯಲ್ಲೇ ಒತ್ತಿಸಿದೆ. ತುಕ್ಕಿನ ಬಣ್ಣ. ಅವಳು ಹತ್ತಿಯನ್ನೇ ನೋಡುತ್ತಾ ನನ್ನ ಮಂಚದ ಮೇಲೆ ಕೂತಳು, ಮರುಕ್ಷಣ ಹೌಹಾರಿ ಎದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುತ್ತಲೇ ಅತ್ತಳು.

"ಸಾರಿ ಅತ್ತೆ. ನಾವು ನಿಮ್ಮನ್ನ..."

ಹೃಷಿ ಸ್ಕ್ರೂಡ್ರೈವರ್ ತಂದು ತಲೆಹಲಗೆ ಬಿಚ್ಚಿದ. ಹಿಂಬದಿಯ ಬಟ್ಟೆ ಹರಿದಾಗ ಮೊದಲು ವಾಸನೆ ಬಂತು, ಹಸಿ ಕೊತ್ತಂಬರಿ. ಆಮೇಲೆ ಅವು. ಓಡಾಡುತ್ತಿದ್ದವು. ಹೃಷಿ ಎರಡು ಹೆಜ್ಜೆ ಹಿಂದೆ ಹೋದ. ಧಾರಿಣಿ ಮಾತ್ರ ಸೋಫಾ ಮೇಲೆ ಹತ್ತಿ ಕುಣಿದಳು. "ಅಜ್ಜಿ ಸಹೀ ಥೀ! ಪಪ್ಪಾ, ಅಜ್ಜಿ ಸಹೀ ಥೀ!"

ಹೌದು, ಅಜ್ಜಿ ಸರಿ ಇದ್ದಳು. ಆ ಡಾಕ್ಟರ್ ಬಂದು ನೋಡಬೇಕಿತ್ತು.

ಅಕ್ಟೋಬರ್ 12, ಸಂಜೆ 6.00

ಪೆಸ್ಟ್ ಕಂಟ್ರೋಲ್ ಭಯ್ಯಾ ಬಂದು ಹೋದ. ಮನೆಯೆಲ್ಲ ಔಷಧದ ನಾತ. ಮಂಚ ಆಚೆ ಹೋಯಿತು, ನಾಲ್ಕು ಬೆಂಕಿಪೊಟ್ಟಣವೂ ಹೋದವು. ಹೊಸ ಹಾಸಿಗೆ ನೆಲದ ಮೇಲೆ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾನೆ. "ಮಾತಾಜಿ ಹುಷಾರಿದ್ದಾರೆ, ಬೇಗ ಹಿಡಿದಿದ್ದಾರೆ" ಅಂತ ಹಿಂದಿಯಲ್ಲಿ ಎಲ್ಲರ ಎದುರಿಗೇ ಹೇಳಿದ. ನನಗೆ ಎಷ್ಟು ಹಿಗ್ಗು!

ಹೃಷಿ ಮಧ್ಯಾಹ್ನ ಹತ್ತಿರ ಬಂದು ಕೂತ. ಸುಟ್ಟ ಕೈ ಹಿಡಿದುಕೊಂಡ.

"ಅಮ್ಮ, ಸ್ಕ್ಯಾನೂ ಬೇಡ, ಏನೂ ಬೇಡ. ಕ್ಯಾನ್ಸಲ್ ಮಾಡ್ತೀನಿ. ಇವತ್ತಿಂದ ಧಾರಿಣಿ ನಿನ್ ಹತ್ರಾನೇ ಮಲಗ್ತಾಳೆ."

ಏಳು ಗಂಟೆಗೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾನೆ.

ಭಯ್ಯಾ ಹೋಗುವ ಮುಂಚೆ ಫಾರ್ಮ್ ಕೊಟ್ಟಿದ್ದ, ಮೊದಲು ಯಾವತ್ತು ಕಂಡಿರಿ ಅಂತ ಅದರಲ್ಲಿ ಒಂದು ಕಾಲಂ. ದಿನಾಂಕ ನೋಡೋಣವೆಂದು ಈಗ ಈ ಡೈರಿ ಹಿಂದಕ್ಕೆ ಮಗುಚಿದೆ. ಸೆಪ್ಟೆಂಬರ್ 19. ಸರಿ, ಬರೆಯೋಣವೆಂದು ಪೆನ್ನು ತೆಗೆದೆ. ಹಾಗೇ ಇನ್ನೂ ಹಿಂದೆ ತಿರುಗಿಸಿದೆ. ಸೆಪ್ಟೆಂಬರ್ 9. ದಿಂಬಿನ ಹತ್ತಿರ ಕಪ್ಪು ಚುಕ್ಕೆಗಳು. ಮೊದಲು ಪೆನ್ನಿನ ಇಂಕ್ ಅಂದುಕೊಂಡೆ. ಇನ್ನೂ ಯಾರಿಗೂ ಹೇಳಿಲ್ಲ. ಅದೇ ಮಾತುಗಳು, ಅದೇ ಅಚ್ಚರಿ. ನಡುವೆ ಹನ್ನೊಂದನೇ ತಾರೀಖು ಊಟಕ್ಕೆ ಕೂತಾಗ ಹೇಳಿದ್ದೂ ಇದೆ. ಒಂಬತ್ತನೆಯದು ನನಗೆ ನೆನಪಿಲ್ಲ. ಹನ್ನೊಂದನೆಯದೂ ಇಲ್ಲ. ಅಕ್ಷರ ಮಾತ್ರ ನನ್ನದು.

"ಮತ್ತೆ ಶುರು" ಅಂದಿದ್ದಳು ಮಯೂರಿ.

ತಿಗಣೆಯೂ ನಿಜ. ಇದೂ ನಿಜ.

ಈ ಎರಡು ಹಾಳೆ ಹರಿದು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮೂರು ಸಲ ಹಾಳೆಯ ತುದಿ ಹಿಡಿದೆ. ಧಾರಿಣಿ ಆಗಲೇ ಹೊಸ ದಿಂಬು ತಂದು ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದಾಳೆ. ಬಟ್ಟೆ ಆನೆ ಒಗೆದು ಹಾಕಿದೆ, ಒಣಗಿಲ್ಲ. ಅದಿಲ್ಲದಿದ್ದರೂ ಪರವಾಗಿಲ್ಲವಂತೆ, ಅಜ್ಜಿ ಇದ್ದಾಳಲ್ಲ.

ಆ ಕೆಟಲ್ ನೀರು. ಆವತ್ತು ಮಗು ಸ್ಕೂಲಿನಲ್ಲಿತ್ತು ಅಂತ ನೋಡಿಕೊಂಡೇ ಹೊಯ್ದೆನೇ? ಅಥವಾ ಅದೃಷ್ಟಕ್ಕೆ ಸ್ಕೂಲಿನಲ್ಲಿತ್ತೇ? ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ.

6.40. ಹೃಷಿ ಹಾಲಿನಲ್ಲಿ ಫೋನ್ ಹಿಡಿದು ಕೂತಿದ್ದಾನೆ, ಕ್ಲಿನಿಕ್ ನಂಬರ್ ಹುಡುಕುತ್ತಿದ್ದಾನೆ. ಒಂಬತ್ತು, ಹತ್ತೊಂಬತ್ತು, ಎರಡೂ ಪುಟಕ್ಕೆ ಒಂದೊಂದು ಬೆಂಕಿಕಡ್ಡಿ ಗುರುತಿಟ್ಟೆ. ಕರೆದು ತೋರಿಸಬೇಕು. ಕ್ಯಾನ್ಸಲ್ ಮಾಡಬೇಡ ಅನ್ನಬೇಕು. ಮೊದಲು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಬರೆಯದಿದ್ದರೆ, ಕರೆಯಬೇಕು ಅಂದುಕೊಂಡದ್ದೂ ನಾಳೆ