ಹನ್ನೆರಡನೇ ಸಾಲಿನ ಕಂಬಳಿ

ಜೂನ್ 4, 1998, ಗುರುವಾರ. ಬೆಳಗ್ಗೆ 7

ಕಂಬಳಿ ಹಾಸಿ ಬಂದೆ. ಕಾರ್ ರೇಸಿನ ಮಣ್ಣು ಟ್ರ್ಯಾಕಿನ ನಾಲ್ಕನೇ ತಿರುವು, ಸ್ಟ್ಯಾಂಡಿನ ಹನ್ನೆರಡನೇ ಸಾಲು, ಮೂರು ಜಾಗ. ಮೂಲೆಗಳಿಗೆ ಟೇಪು. ಇನ್ನು ಶನಿವಾರ ಸಂಜೆ ಓಟದ ಹೊತ್ತಿಗೆ ಹೋಗಿ ಕೂತರಾಯಿತು. ನಮ್ಮೂರಿನಲ್ಲಿ ಪರ್ಸು ಮರೆತು ಬಂದರೆ ಹೋದೀತು. ಹಾಸಿದ ಕಂಬಳಿಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವರು ಆ ಬೇಸಿಗೆ ಪೂರ್ತಿ ಮೊದಲನೇ ಸಾಲಿನಲ್ಲಿ ಕೂತು ಗಾಡಿಗಳು ಎರಚುವ ಮಣ್ಣು ತಿನ್ನಬೇಕು. ಎಂಬತ್ನಾಲ್ಕರಲ್ಲಿ ಪಕ್ಕದೂರಿನ ಬ್ಯಾಂಕಿನವನೊಬ್ಬನನ್ನು ಹಾಗೆ ಕೂರಿಸಿದವಳು ನಾನೇ.

ರೇಸಿನ ಹುಚ್ಚು ನನಗಿಲ್ಲ. ಎಂಜಿನ್ ಒಳಗೆ ಏನಿದೆಯೋ ಗೊತ್ತಿಲ್ಲ. ಯಾವ ಡ್ರೈವರನ ಹೆಸರಿನ ಟೀ-ಶರ್ಟೂ ಇಲ್ಲ. ಶನಿವಾರ ಓಟ, ಭಾನುವಾರ ಚರ್ಚು — ಅಷ್ಟೇ.

ಜೂನ್ 7, ಭಾನುವಾರ

ನಿನ್ನೆಯ ಓಟದಲ್ಲಿ ಡ್ವೇನ್ ಐದನೆಯವನಾಗಿ ಬಂದ. ಚಪ್ಪಾಳೆ ತಟ್ಟಲಿಲ್ಲ. ಸ್ವಂತ ಮಗನಾದರೇನು...

ಎರಡು ವರ್ಷವಾಯಿತು. ಅವನು ಗಾಡಿ ಗೋಡೆಗೆ ಗುದ್ದಿಸಿದ ದಿನ ಎಲ್ಲರೆದುರು ಅಂದಿದ್ದೆ: "ನಿಮ್ಮಪ್ಪನ ಕೈ ನಿಂಗಿಲ್ಲ. ಗಾಡಿ ಮಾರಿಬಿಡು." ಗಂಡ ಹಾರ್ಲನ್ ಸತ್ತು ಆಗ ಮೂರು ತಿಂಗಳೂ ಆಗಿರಲಿಲ್ಲ. ಅವತ್ತಿನಿಂದ ಮಾತಿಲ್ಲ. ಸೊಸೆ ಮಾರ್ಲಾ ಕೂಡ ನನ್ನ ಸಾಲಿಗೆ ಬರುವುದಿಲ್ಲ. ಅವಳ ಜಾಗ ಮಾತ್ರ ಪ್ರತಿ ವಾರ ಹಾಸುತ್ತೇನೆ. ಹಾಸದೆ ಬಿಟ್ಟರೆ ಸೋತಂತೆ.

ಜೂನ್ 10

ಮಂಡಿಗೆ ಸಣ್ಣ ಆಪರೇಷನ್. ಮೆಟ್ಟಿಲು ಹತ್ತಬಾರದಂತೆ. ಆ ಡಾಕ್ಟರಿಗೆ ಮೀಸೆಯೇ ಸರಿಯಾಗಿ ಬಂದಿಲ್ಲ.

ಜೂನ್ 18, ಗುರುವಾರ

ಹೋದ ಶನಿವಾರ ಮಳೆ, ಓಟ ರದ್ದು. ಒಳ್ಳೆಯದೇ ಆಯಿತು. ಇವತ್ತು ಹಾಸಲು ಹೋಗಲಾಗಲಿಲ್ಲ. ಗೆಳತಿ ಟ್ರೂಡಿ ಫೋನ್ ಮಾಡಿದ್ದಳು: "ಯಾರಿಗಾದ್ರೂ ಹೇಳೇ, ಹಾಸಿ ಬರ್ತಾರೆ." ಮೂವತ್ತೊಂದು ವರ್ಷ ಯಾರನ್ನೂ ಕೇಳಿದವಳಲ್ಲ.

ಜೂನ್ 21, ಭಾನುವಾರ. ಬೆಳಗ್ಗೆ 6

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಟ್ರೂಡಿಯ ಜೊತೆ ಹೋದೆ. ಕೋಲೂರಿ, ಒಂದೊಂದೇ ಮೆಟ್ಟಿಲು. ಹನ್ನೆರಡನೇ ಸಾಲಿನಲ್ಲಿ ಯಾರದೋ ಹೊಸ ಕಂಬಳಿ. ನೀಲಿ ಚೌಕಳಿ. ಸರಿಯಾಗಿ ನನ್ನ ಮೂರು ಜಾಗದ ಮೇಲೆ. ಗುರುವಾರ ನಾನು ಹಾಸಿರಲಿಲ್ಲ, ಅಂದರೆ ಜಾಗ ಹಾಸಿದವರದು. ಅದು ತಲೆಗೇ ಬರಲಿಲ್ಲ. ಟೇಪು ಕಿತ್ತು, ಸುತ್ತಿ, ಕೆಳಗಿನ ಸಾಲಿಗೆ ಎಸೆದೆ. ನನ್ನದನ್ನು ಹಾಸಿ ಕೂತೆ.

ಐದು ಗಂಟೆಗೆ ಮಾರ್ಲಾ ಬಂದಳು. ಕೆಳಗೆ ಬಿದ್ದಿದ್ದ ಕಂಬಳಿ ಎತ್ತಿಕೊಂಡು ನನ್ನ ಮುಖ ನೋಡಿದಳು.

"ಇದನ್ನ ಯಾರು ಕಿತ್ತಿದ್ದು ಅತ್ತೆ?"

"ನಾನು. ಯಾರದು?"

"ನಿಮ್ಮ ಮಗಂದು. ಗುರುವಾರ ಕೆಲ್ಸಕ್ಕೆ ಹೋಗೋ ಮುಂಚೆ ಹಾಸಿದ್ರು. ಅಮ್ಮಂಗೆ ಮಂಡಿ ನೋವು, ಜಾಗ ಹೋದ್ರೆ ಊರನ್ನೇ ಕೊಲ್ತಾಳೆ ಅಂದ್ರು. ನಿಮ್ಗೆ ಹೇಳ್ಬೇಡ ಅಂತ್ಲೂ ಅಂದಿದ್ರು."

ಟ್ರೂಡಿ ತೊಡೆ ಚಿವುಟಿದಳು. "ಕೂತ್ಕೊಳ್ಳೇ ಸುಮ್ನೆ. ನಿಂಗೇ ಅಂತ ಹಾಸಿದ್ದು ತಾನೆ? ಯಾರೂ ನೋಡಿಲ್ಲ."

"ನಾನು ನೋಡಿದೀನಿ" ಅಂದೆ.

ಎದ್ದೆ. ಹನ್ನೊಂದು ಸಾಲು ಇಳಿಯಲು ಹತ್ತು ನಿಮಿಷ. ಸ್ಟ್ಯಾಂಡಿನವರೆಲ್ಲ ನೋಡಿದರು, ನೋಡಲಿ. ಮೊದಲನೇ ಸಾಲಿನಲ್ಲಿ ತಂತಿಬೇಲಿಗೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಮಾರ್ಲಾ ಪಕ್ಕಕ್ಕೆ ಬಂದು ಕೂತಳು. ನೀಲಿ ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಹೊದಿಸಿದಳು.

"ಮಣ್ಣು ಬರ್ತದೆ ಅತ್ತೆ, ಬಾಯಿ ಮುಚ್ಕೊಳ್ಳಿ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿದ್ದಿಲ್ಲ. ಮುಚ್ಚಿಕೊಂಡೆ.

ಇನ್ನೊಂದು ಮಾತು. ನೆತ್ತಿಗೆ ತಗಡಿನ ರೆಕ್ಕೆ ಕಟ್ಟಿದ ಈ ಗಾಡಿಗಳು ಮೇಲಿನಿಂದ ಆಟಿಕೆಗಳ ಹಾಗೆ ಕಾಣುತ್ತವೆ. ಕೆಳಗಿನಿಂದ ಡ್ವೇನನ ಕೈ ಕಂಡಿತು. ಮುಂದಿನ ಗಾಡಿ ಅಡ್ಡ ತಿರುಗಿತು, ಅವನು ಸ್ಟೀರಿಂಗನ್ನು ಒಂದು ಬೆರಳಷ್ಟು ಎಳೆದು ಪಾರಾದ. ಗಾಬರಿಯಿಲ್ಲ. ಮೂರನೆಯ ಸ್ಥಾನ. ಅಪ್ಪನ ಕೈ ಅಲ್ಲ, ನಿಜ. ಹಾರ್ಲನ್ ಆಗಿದ್ದರೆ ಗುದ್ದುತ್ತಿದ್ದ.

ಅದೇ ದಿನ, ಸಂಜೆ 5

ಚರ್ಚಿನಿಂದ ನೇರ ಡ್ವೇನನ ಶೆಡ್ಡಿಗೆ. ಓಟದ ಮಾರನೆಯ ದಿನ ಗಾಡಿಗೆ ಮೆತ್ತಿದ ಮಣ್ಣು ಕೆರೆಯುವುದು ಮನೆಯವರ ಕೆಲಸ. ಚರ್ಚಿನ ಉಡುಪಿನಲ್ಲೇ ಸ್ಟೂಲ್ ಎಳೆದು ಕೂತು, ಕೆರೆಯುವ ತಗಡು ಕೈಗೆತ್ತಿಕೊಂಡೆ.

"ಅಮ್ಮ, ಮಂಡಿ..."

"ಆಪರೇಷನ್ ಆಗಿರೋದು ಮಂಡಿಗೆ. ಕೈಗಲ್ಲ."

ಅರ್ಧ ಗಂಟೆ ಅವನು ಪೈಪಿನಿಂದ ನೀರು ಬಿಡುತ್ತಿದ್ದ, ನಾನು ಕೆರೆಯುತ್ತಿದ್ದೆ. ಆಮೇಲೆ, "ಎರಡು ವರ್ಷದ ಹಿಂದೆ ನಾನು ಅಂದ ಮಾತು" ಅಂದೆ. ಅವನು ನೀರು ನಿಲ್ಲಿಸಿದ.

ಹೇಳಿದೆ. ತಪ್ಪಾಯಿತು ಎನ್ನುವುದನ್ನೂ ಸೇರಿಸಿ. ಒಂದೇ ಸಲ.

ಅವನು ಪೈಪು ಕೆಳಗಿಟ್ಟ. "ಎಡಗಡೆ ಹಿಂದಿನ ಚಕ್ರದ ಒಳಗೆ ಇನ್ನೂ ಇದೆ ಅಮ್ಮ" ಅಂದ. ಬಗ್ಗಿ ನೋಡಿದೆ, ನಿಜಕ್ಕೂ ಇತ್ತು. ಕೆರೆಯುತ್ತಾ ಹೋದೆ, ಅವನೂ ಪಕ್ಕಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ತಗಡು ಎತ್ತಿಕೊಂಡ.