ಗ್ರಹಪ್ರವೇಶದ ರವಿಕೆ

ಹೊನ್ನವಳ್ಳಿ
೧೬-೨-೧೯೮೨, ಮಂಗಳವಾರ

ಊರ ಮಕ್ಕಳ ತಪ್ಪನ್ನೆಲ್ಲ ತಿದ್ದುವ ಮೇಷ್ಟ್ರಿಗೆ, ನಿಮ್ಮ ದೊಡ್ಡಪ್ಪನವರ ಕಣ್ಣಿಗೆ ಇನ್ನೂ ತಿದ್ದದೆ ಉಳಿದಿರುವ ತಪ್ಪಾದ ನಿಮ್ಮ ಹೆಂಡತಿ ಮಾಡುವ ನಮಸ್ಕಾರಗಳು.

ಕಾರ್ಡು ನಿನ್ನೆ ಟಪಾಲಿನಲ್ಲಿ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೀರಿ, ಸಂತೋಷ. ಆದರೆ ನಡುವೆ ದಪ್ಪಕ್ಷರದಲ್ಲಿ ‘ದಂಡಿನಶಿವರದ ನಮ್ಮ ಹೊಸ ಮನೆಯ ಗ್ರಹಪ್ರವೇಶ’ ಎಂದಿದೆಯಲ್ಲ! ಗೃಹವೆಂದರೆ ಮನೆ, ಗ್ರಹವೆಂದರೆ ಶನಿ, ಮಂಗಳ ಎಂದು ನೀವು ಕಿವಿ ಹಿಂಡಿ ಕಲಿಸದ ಹುಡುಗ ಆ ಹೈಸ್ಕೂಲಿನಲ್ಲಿ ಇಲ್ಲ. ಕನ್ನಡ ಎಂ.ಎ. ಮಾಡಿದವರ ಮನೆಯ ಕಾರ್ಡಿನಲ್ಲೇ ವಟ್ರಸುಳಿ ಸುಳಿವಿಲ್ಲದೆ ಹೋಯಿತೇ? ನಾನು ಪ್ರವೇಶಿಸಬೇಕಾದದ್ದು ಶನಿಯನ್ನೋ ಮಂಗಳನನ್ನೋ ತಿಳಿಸಿ. ಬಸ್ಸು ಎಲ್ಲಿ ಬದಲಾಯಿಸಬೇಕು ಎಂಬುದನ್ನೂ.

ನಗಬೇಕೆಂದೇ ಬರೆದೆ. ನಗು ಬರುತ್ತಿಲ್ಲ. ಕಾರ್ಡಿನ ಜೊತೆ ದೊಡ್ಡಪ್ಪ ಮಲ್ಲಿಕಾರ್ಜುನಯ್ಯನವರ ಚೀಟಿಯೂ ಇತ್ತು. ಇಪ್ಪತ್ತಾರನೇ ತಾರೀಕು ಶುಕ್ರವಾರ ಬೆಳಗ್ಗೆ ನಾನು ಸೊಸೆಯ ಹಾಗೆ ಬಂದು, ಗಂಡನ ಪಕ್ಕದಲ್ಲಿ ನಿಂತು ಹಾಲುಕ್ಕಿಸಬೇಕಂತೆ. ಆ ವೇಷದ ರವಿಕೆ, ಈ ಹೊಲಿಗೆಯ ಅಂಗಡಿ ಎರಡನ್ನೂ ಬಿಟ್ಟು ಬರಬೇಕಂತೆ. ಅಂದು ದಾಟದ ಬಾಗಿಲು ನನಗೆ ಮುಂದೆಂದೂ ತೆರೆಯುವುದಿಲ್ಲವಂತೆ. ಅಂದರೆ ನನ್ನ ಸಂಸಾರಕ್ಕೆ ಇನ್ನು ಹತ್ತು ದಿನದ ವಾಯಿದೆ.

ಆ ರವಿಕೆಯ ಕತೆ ನಿಮಗೆ ಮರೆತಿರಬಹುದು. ಮರೆವು ನಿಮಗೆ ಕರೆದಾಗ ಬರುವ ನೆಂಟ. ಕಳೆದ ದೀಪಾವಳಿಯ ಮಾರನೆಯ ದಿನ ತಿಪಟೂರಿನ ಟಾಕೀಸಿಗೆ ಇಬ್ಬರೇ ಆ ಇಂಗ್ಲಿಷ್ ಸಿನಿಮಾಕ್ಕೆ ಹೋಗಿದ್ದೆವು. ಬೇರೆ ಯಾವುದೋ ಗ್ರಹ. ರಾಕೆಟ್ಟಿನಲ್ಲಿ ಬಂದವರನ್ನು ಎದುರುಗೊಳ್ಳಲು ಅಲ್ಲಿಯ ರಾಣಿ ಮೆಟ್ಟಿಲಿಳಿದು ಬರುತ್ತಾಳೆ. ಮೈತುಂಬ ಬೆಳ್ಳಿ, ಕಿವಿಯವರೆಗೆ ಎದ್ದ ಹೆಗಲು, ಕತ್ತಿನ ಹಿಂದೆ ನವಿಲಿನ ಹಾಗೆ ಬಿಚ್ಚಿಕೊಂಡ ಕಾಲರು. ಅವರ ಮಾತು ಒಂದೂ ತಿಳಿಯಲಿಲ್ಲ, ಹೊಲಿಗೆ ಮಾತ್ರ ಪೂರ್ತಿ ತಿಳಿಯಿತು. ಆಗ ಕತ್ತಲಲ್ಲಿ ನನ್ನ ಕಿವಿಗೆ ಬಾಯಿಟ್ಟು, ‘ಇಂಥದ್ದೊಂದು ನೀನೂ ಹೊಲ್ಕೊಳ್ಳೇ ಗಿರಿಜಾ, ನಮ್ಮೂರಿಗೂ ಒಬ್ಬಳು ರಾಣಿ ಇರ್ಲಿ’ ಅಂದವರು ಯಾರು? ನನ್ನ ಇನ್ನೊಂದು ಕಡೆಯ ಸೀಟು ಖಾಲಿಯಿತ್ತು. ಆದ್ದರಿಂದ ನೀವೇ ಇರಬೇಕು.

ಅತ್ತೆಯವರು ಕೊಟ್ಟ ಹಳೇ ಜರಿ ಸೆರಗು ಬೆಳ್ಳಿಯಾಯಿತು. ಹೆಗಲು ನೆಟ್ಟಗೆ ನಿಲ್ಲಲು ತೆಂಗಿನ ಗರಿಯ ಬುಡದಲ್ಲಿ ಬಲೆಯಂತೆ ಹೆಣೆದುಕೊಂಡಿರುತ್ತದಲ್ಲ, ಆ ನಾರನ್ನು ಬಿಡಿಸಿ ತಂದು ಒಳಗಿಟ್ಟೆ. ಕಲ್ಪನೆ ಅವರದು, ಕಲ್ಪವೃಕ್ಷ ನಮ್ಮದು.

ಹೊಸ ಮನೆಗೆ ಬಾಗಿಲುವಾಡ ನಿಲ್ಲಿಸಿ ಪೂಜೆ ಮಾಡಿದ ದಿನ ಅದನ್ನೇ ತೊಟ್ಟು ಬಂದೆ. ದೊಡ್ಡಪ್ಪ ನೋಡಿ, ‘ಏನ್ಲಾ ತೋಂಟದಾರ್ಯ, ನಿನ್ನೆಂಡ್ತಿ ರೆಕ್ಕೆ ಕಟ್ಕಂಡವ್ಳೆ, ಹಾರೋಯ್ತಾಳೇನ್ಲಾ?’ ಅಂದರು. ನೆಂಟರು ನಕ್ಕರು. ನಾನೂ ನಕ್ಕೆ, ರೆಕ್ಕೆ ಇದ್ದವಳಿಗೇನು ಕಷ್ಟ? ಆಮೇಲೆ ಅವರು ನಗು ನಿಲ್ಲಿಸಿ, ‘ಇಂಥಾದ್ನ ಹೊಲ್ಕೋ ಅಂತ ಇವ್ಳಿಗೆ ಯಾರ್ಲಾ ಹೇಳಿದ್ದು?’ ಎಂದು ಕೇಳಿದರು. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ಬಾಗಿಲುವಾಡದ ಕುಂಕುಮವನ್ನೇ ನೋಡುತ್ತಾ, ‘ನಂಗೇನ್ ಗೊತ್ತು ದೊಡ್ಡಪ್ಪ, ಅವ್ಳೇ ಏನೋ ಹೊಲ್ಕಂಡವ್ಳೆ’ ಅಂದಿರಿ.

ಅಂದು ಸಂಜೆ ನಾನು ಬಸ್ಸು ಹತ್ತಿದ್ದು ದೊಡ್ಡಪ್ಪನ ಮಾತಿಗಲ್ಲ. ಅವರು ಅಂದದ್ದು ರವಿಕೆಗೆ, ನೀವು ಅಂದದ್ದು ನನಗೆ. ರವಿಕೆಗೆ ಎಷ್ಟು ಎತ್ತರದ ಹೆಗಲನ್ನಾದರೂ ಹೊಲಿದುಕೊಳ್ಳಬಲ್ಲೆ. ಗಂಡ ಕೊಡಬೇಕಾದ ಹೆಗಲಿಗೆ ಎಲ್ಲಿಂದ ಅಳತೆ ತೆಗೆಯಲಿ?

ಇಲ್ಲಿ ಏನು ಮಾಡುತ್ತಿದ್ದೇನೆಂದು ನೀವು ಕೇಳಿಲ್ಲ, ಆದ್ದರಿಂದ ಹೇಳುತ್ತೇನೆ. ಅಪ್ಪನ ಮನೆಯ ಜಗಲಿಯಲ್ಲಿ ಮಿಷನ್ ಹಾಕಿದ್ದೇನೆ. ತಿಪಟೂರಿನ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಅದೇ ಹೆಗಲನ್ನು ಅರ್ಧ ಬೆರಳಿಗೆ ಇಳಿಸಿ, ಮೈತುಂಬ ಬೆಳ್ಳಿಯ ಬದಲು ತೋಳಂಚಿಗೆ ಒಂದೆಳೆ ಮಿಂಚು ಕೊಟ್ಟು ಹೊಲಿಯುತ್ತೇನೆ. ಬಸ್ಸಿನಲ್ಲಿ ಅದಕ್ಕೆ ‘ರಾಕೆಟ್ ರವಿಕೆ’ ಎಂದೇ ಹೆಸರು. ಕಾಯಿ ಮೂಟೆ ಹೊರುವ ನಿಂಗಮ್ಮ ಒಂದು ದಿನ ಬಂದು ಮುಟ್ಟಿ ನೋಡಿ, ‘ನಂಗೂ ಒಂದ್ ಹೊಲ್ಕೊಡವ್ವ, ಹೆಗ್ಲಿಗೆ ದಪ್ಪಕ್ ನಾರಿಕ್ಕು, ಮೂಟೆ ಒತ್ತಾಕಿಲ್ಲ’ ಅಂದಳು. ಹೊಲಿದುಕೊಟ್ಟೆ. ಆ ಗ್ರಹದ ರಾಣಿ ಮೆಟ್ಟಿಲು ಇಳಿದದ್ದಷ್ಟೇ. ನಮ್ಮ ನಿಂಗಮ್ಮ ಅದೇ ಹೆಗಲಿನಲ್ಲಿ ಲಾರಿಗೆ ಮೂಟೆ ಏರಿಸುತ್ತಾಳೆ.

ಈ ಕೆಲಸ ಬಿಟ್ಟು ಬರಲಾರೆ. ನಿಮ್ಮನ್ನು ಬಿಟ್ಟಿರಬಲ್ಲೆ ಎಂದು ಬರೆಯಲು ಮೂರು ಸಲ ಹೊರಟೆ, ಮೂರು ಸಲವೂ ಮಸಿ ಕಟ್ಟಿತು. ಪೆನ್ನಿನದೇ ತಪ್ಪು. ಅತ್ತೆಯವರ ಕೆಮ್ಮು ಹೇಗಿದೆ? ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ ಎಂದು ನಾನು ಕೇಳುವುದಿಲ್ಲ.

ಶುಕ್ರವಾರ ನಾನು ಬರುವುದಿಲ್ಲ. ಉರಿ ಹೆಚ್ಚಾದರೆ ಹಾಲು ತಾನಾಗಿಯೇ ಉಕ್ಕುತ್ತದೆ, ಅದಕ್ಕೆ ನನ್ನ ಕೈ ಬೇಕಿಲ್ಲ.

ಇಂತಿ,
ಗೃಹವೂ ಇಲ್ಲದೆ ಗ್ರಹವೂ ಸಿಗದೆ ಗ್ರಹಚಾರವಷ್ಟೇ ಉಳಿದಿರುವ
ಗಿರಿಜಾಂಬಿಕಾ

ತಾ. ಕ. ಬುಧವಾರ.

ಕವರಿಗೆ ಗೋಂದು ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಗಂಗಕ್ಕ ಬಂದರು. ಅವರ ತವರು ದಂಡಿನಶಿವರವೇ ಅಲ್ಲವೇ, ಅವರಿಗೂ ನಿಮ್ಮ ಕಾರ್ಡು ಬಂದಿದೆ. ಅದರಲ್ಲಿ ‘ಗೃಹಪ್ರವೇಶ’ ಎಂದು ವಟ್ರಸುಳಿ ಸಮೇತ ಸರಿಯಾಗಿ ಅಚ್ಚಾಗಿದೆ! ನನ್ನದನ್ನು ಬಿಸಿಲಿಗೆ ಹಿಡಿದು ನೋಡಿದೆ. ವಟ್ರಸುಳಿಯನ್ನು ಬ್ಲೇಡಿನಿಂದ ಹೆರೆದು, ಆ ಜಾಗದಲ್ಲಿ ಕಪ್ಪು ಮಸಿಯಿಂದ ರ-ಒತ್ತು ಎಳೆದಿದ್ದೀರಿ, ಅಚ್ಚಿನ ಅಕ್ಷರವೇ ಅನ್ನಿಸುವ ಹಾಗೆ. ಊರಿನ ತಪ್ಪನ್ನೆಲ್ಲ ತಿದ್ದಿ ಸರಿ ಮಾಡುವವರು ನನಗೊಬ್ಬಳಿಗೆ ಸರಿಯನ್ನು ತಿದ್ದಿ ತಪ್ಪು ಮಾಡಿದ್ದೀರಿ. ದೊಡ್ಡಪ್ಪ ಕರೆದದ್ದು ಸೊಸೆಯನ್ನು, ನೀವು ಕರೆದದ್ದು ಆ ಗ್ರಹದ ರಾಣಿಯನ್ನು. ಗಂಗಕ್ಕ, ‘ಕಾಗುಣ್ತ ತಪ್ಪಾದ್ರೆ ಯಾರಾರ ಅಳ್ತಾರಾ, ಬುಡವ್ವ’ ಅಂದರು.

ಆದರೂ ಮೇಷ್ಟ್ರೇ, ಗುಟ್ಟಿನಲ್ಲಿ ಒತ್ತು ಕೊಟ್ಟರೆ ಸಾಲದು. ನಾಲ್ಕು ಜನರೆದುರು ಒತ್ತಾಸೆ ಬೇಕು. ಮೇಲಿನದನ್ನು ಹರಿಯದೆ ಕಳಿಸುತ್ತಿದ್ದೇನೆ, ನಾನು ಪಟ್ಟ ಸಂಕಟವನ್ನು ನೀವೂ ಎರಡು ಪುಟದಷ್ಟು ಪಡಿ. ಇಪ್ಪತ್ತಾರಕ್ಕೆ ಮೊದಲ ಬಸ್ಸಿಗೆ ಬರುತ್ತೇನೆ, ಆ ರವಿಕೆಯನ್ನೇ ತೊಟ್ಟು, ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು. ದೊಡ್ಡಪ್ಪ ಬಾಗಿಲಲ್ಲೇ ಅದೇ ಪ್ರಶ್ನೆ ಕೇಳುತ್ತಾರೆ. ಎಲ್ಲರೂ ನಿಮ್ಮ ಕಡೆಗೇ ತಿರುಗುತ್ತಾರೆ. ನಿಮ್ಮ ಉತ್ತರ ಕಿವಿಗೆ ಬೀಳುವವರೆಗೆ ನನ್ನ ಬಲಗಾಲು ಹೊಸ್ತಿಲ ಹೊರಗೇ ಇರುತ್ತದೆ. ವಾಪಸ್ಸು ಬಸ್ಸು ಹತ್ತೂವರೆಗೆ.

ಬಾಗಿಲುವಾಡದ ಪೂಜೆಯ ದಿನ ಹೆಗಲಿನ ನಾರು ದಿನವಿಡೀ ಚುಚ್ಚಿತ್ತು, ನಿಮಗೆ ಹೇಳಿರಲಿಲ್ಲ. ಈಗ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದಿದ್ದೇನೆ. ನಿಮ್ಮ ಹಳೇ ಪಂಚೆಯೊಂದು ಎರಡು ತಿಂಗಳಿಂದ ಕಾಣುತ್ತಿಲ್ಲವೆಂದು ಅತ್ತೆ ಹುಡುಕುತ್ತಿದ್ದರೆ, ಇನ್ನು ಸಾಕು ಅನ್ನಿ.