ಮುಂದಿನ ಬೆಂಚು

ಅಪ್ಪಾ,

ಬೆಳಿಗ್ಗೆ ನೀವು ಗೋಡೆ ಕಡೆ ತಿರುಗಿ ಕೂತಿದ್ದಾಗ ನಾನು ನಿಮ್ಮ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ. ಬಾಗಿಲ ಹಿಂದೆ ನೇತುಹಾಕಿದ್ದೇನೆ. ಟೀ ಫ್ಲಾಸ್ಕಿನಲ್ಲಿದೆ. ಮಾತ್ರೆ ತಿಂಡಿ ಆದ ಮೇಲೆ, ಮೊದಲಲ್ಲ. ನೀವು ಸ್ನಾನ ಮುಗಿಸುವಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಚರ್ಚಿಗೆ ಹೊರಟಿರುತ್ತೇನೆ.

ಮದುವೆಯಾಗದೆ ಹೆತ್ತವಳು ಹಿಂದಿನ ಬೆಂಚಲ್ಲಿ ಕೂರಲಿ, ಮಗುವಿನ ದೀಕ್ಷಾಸ್ನಾನ ಜನ ಹೋದ ಮೇಲೆ ಸದ್ದಿಲ್ಲದೆ ಆಗಲಿ ಅಂತ ಪಾದ್ರಿಯವರಿಗೆ ನೀವೇ ಹೇಳಿದಿರಂತೆ. ಅದು ಆಗದ ಮಾತು. ನೀವು ಕೈಯಾರೆ ಮಾಡಿದ ಆ ಬೆಂಚುಗಳಲ್ಲಿ ಎಲ್ಲಕ್ಕಿಂತ ಮುಂದಿನದರಲ್ಲೇ ಕೂರುತ್ತೇನೆ. ನೋಡುವವರು ಕಣ್ತುಂಬ ನೋಡಲಿ.

ಚಿಕ್ಕವಳಿದ್ದಾಗ ಗಿರಾಕಿಯ ಹೊಸ ಬಾಗಿಲನ್ನು ಮೊಳೆಯಿಂದ ಗೀಚಿ ಹಾಳು ಮಾಡಿದ್ದೆ. ಅವರು ರೇಗಿದಾಗ ನೀವು ನನ್ನನ್ನು ಹೆಗಲಿಗೇರಿಸಿಕೊಂಡು, "ಬಾಗಿಲು ಇನ್ನೊಂದು ಮಾಡಿಕೊಡ್ತೀನಿ. ಇವಳು ನನ್ನ ಮಗಳು, ಬೈಬೇಡಿ" ಅಂದಿರಿ. ದೇವರನ್ನು ತಂದೆ ಅಂತ ಯಾಕೆ ಕರೀತಾರೆ ಅನ್ನೋದು ನನಗೆ ತಿಳಿದದ್ದು ಅವತ್ತು. ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ಆದರೆ ಆ ಪಾಠ ಮರೆತಿಲ್ಲ. ನನ್ನ ಮಗಳಿಗೂ ಅದನ್ನೇ ಕಲಿಸುತ್ತೇನೆ. ಅವಳನ್ನು ಬಚ್ಚಿಟ್ಟು ಕಲಿಸೋಕಾಗಲ್ಲ.

ನಮ್ಮ ಸಭೆಯಲ್ಲಿ ದೀಕ್ಷಾಸ್ನಾನದ ನೀರು ಹಾಕುವಾಗ ಮಗುವನ್ನು ತಂದೆ ಎತ್ತಿಕೊಂಡಿರಬೇಕು. ಇವಳಿಗೆ ಆ ಕೈ ಇಲ್ಲ.

ಹತ್ತು ಗಂಟೆಗೆ ಬಂದು ನೀವು ಎತ್ತಿಕೊಳ್ಳಿ, ಅಪ್ಪಾ.